ತಳದಲ್ಲಿರುವುದು ಯಾರ ಹೆಸರು?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕೈಸೇರಿದ ಟಿಪ್ಪುವಿನ ಮರದ ಹುಲಿಯ ಕಥೆ ನಮಗೆಲ್ಲ ಗೊತ್ತು. ಬಿಳಿಯನೊಬ್ಬನ ಮೈಮೇಲೇರಿದ, ಹಿಡಿ ತಿರುಗಿಸಿದರೆ ಗುರುಗುಟ್ಟುವ ಆ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದಕ್ಕೆ ಮಣ್ಣಿನ ದಾಯಾದಿಯೊಂದು ಇರುವುದು ಅಷ್ಟಾಗಿ ಯಾರಿಗೂ ತಿಳಿಯದು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಸೀಮೆಯ ಕುಂಬಾರರು 1820–30ರ ಸುಮಾರಿಗೆ ಮಾಡಿ ಮಾರಿದ ಬಣ್ಣದ ಬೊಂಬೆ ಅದು. ಪಟ್ಟೆಪಟ್ಟೆಯ ಹುಲಿಯ ಬಾಯಲ್ಲಿ ಮನುಷ್ಯನ ತಲೆ. ಅವನ ಮೈ ಮರದ ಕೊರಡಿನ ಹಾಗೆ ಸೆಟೆದಿದೆ. ಪೀಠದ ಮೇಲೆ ‘ಮನ್ರೋನ ಸಾವು’ ಎಂಬ ಅರ್ಥದ ಇಂಗ್ಲಿಷ್ ಬರಹ. ಮಾಡಿದವರಿಗೆ ಸತ್ತವನ ಹೆಸರಿನ ಕಾಗುಣಿತವೂ ಸರಿಯಾಗಿ ಗೊತ್ತಿರಲಿಲ್ಲ.

ಸತ್ತವನು ಹ್ಯೂ ಮನ್ರೋ. ಹೈದರಾಲಿಯ ವಿರುದ್ಧ ಯುದ್ಧ ಮಾಡಿದ ಜನರಲ್ ಹೆಕ್ಟರ್ ಮನ್ರೋನ ಮಗ. 1792ರ ಡಿಸೆಂಬರಿನಲ್ಲಿ ಗಂಗೆಯ ಮುಖದ ಸಾಗರ ದ್ವೀಪದಲ್ಲಿ ಬೇಟೆಗೆ ಹೋಗಿದ್ದಾಗ ಹುಲಿ ಅವನನ್ನು ಎಳೆದೊಯ್ದಿತು. ಆ ಸುದ್ದಿ ಇಂಗ್ಲೆಂಡಿನ ಪತ್ರಿಕೆಗಳಲ್ಲೆಲ್ಲ ಬಂತು. ಟಿಪ್ಪು ತನ್ನ ಹುಲಿಯನ್ನು ಮಾಡಿಸಿದ್ದೂ ಈ ಘಟನೆಯನ್ನು ಕೇಳಿಯೇ ಇರಬೇಕೆಂದು ಇತಿಹಾಸಕಾರರಲ್ಲಿ ಹಲವರು ಊಹಿಸುತ್ತಾರೆ. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಆ ಹುಲಿಯನ್ನು ಜನ ಮುಗಿಬಿದ್ದು ನೋಡಿದರು. ಆಮೇಲೆ ಅದೇ ವಸ್ತು ಹಳ್ಳಿಗಾಡಿನ ಮನೆಗಳ ಅಲಂಕಾರಕ್ಕೆ ಮಣ್ಣಿನ ಬೊಂಬೆಯಾಗಿ ಬಂತು.

ಈ ಬೊಂಬೆಯನ್ನು ಮಾಡಿದವರು ಯಾರು? ತಳವನ್ನು ತಿರುಗಿಸಿ ನೋಡಿದರೆ ಯಾವ ಗುರುತೂ ಇಲ್ಲ. ಹಳೆಯ ಪುಸ್ತಕಗಳು, ಹರಾಜು ಪಟ್ಟಿಗಳು ಬರ್ಸ್‌ಲೆಮ್ ಊರಿನ ಒಬಡಾಯ ಶೆರಟ್ ಎಂಬ ಕುಂಬಾರನ ಹೆಸರನ್ನು ಹೇಳುತ್ತವೆ. ಕಾಲುಗಳಿರುವ ಪೀಠದ ಮೇಲೆ ನಿಲ್ಲಿಸಿದ ಇಂಥ ದೊಡ್ಡ, ಒರಟು, ಜೀವಂತ ಬೊಂಬೆಗಳೆಲ್ಲ ಅವನದೇ ಎಂಬ ಮಾತು ಬಹುಕಾಲ ನಡೆಯಿತು. ಆದರೆ ಶೆರಟ್ ತನ್ನ ಹೆಸರು ಒತ್ತಿದ ಒಂದೇ ಒಂದು ಬೊಂಬೆಯೂ ಇದುವರೆಗೆ ಸಿಕ್ಕಿಲ್ಲ. ಸಂಗ್ರಹಕಾರರು ಕಟ್ಟಿದ ಹೆಸರದು. ಅದನ್ನು ಪ್ರಶ್ನಿಸುವವರೂ ಸಂಗ್ರಹಕಾರರೇ, ಮತ್ತು ಅವರು ಪ್ರಶ್ನಿಸುವ ರೀತಿ ಬಹಳ ಚೆನ್ನಾಗಿದೆ.

ಅವರು ಮೊದಲು ನೋಡುವುದು ಹುಲಿಯನ್ನೋ ಮನುಷ್ಯನನ್ನೋ ಅಲ್ಲ. ಪೀಠವನ್ನು, ಮತ್ತು ಬೊಂಬೆಯ ಬೆನ್ನಿಗೆ ಮಣ್ಣಿನ ಮರವಿದ್ದರೆ ಅದರ ಎಲೆಗಳನ್ನು. ಆ ಕಾಲದ ಬೊಂಬೆಗಳಲ್ಲಿ ಎಷ್ಟೋ ಇಂಥ ಮರಕ್ಕೆ ಒರಗಿ ನಿಂತಿವೆ. ಆವಿಗೆಯ ಕಾವಿಗೆ ಹಸಿ ಬೊಂಬೆ ಕುಸಿಯದಂತೆ ಆನಿಕೆಯಾಗಲಿ ಎಂದು ಇಟ್ಟದ್ದು ಮುಂದೆ ಅಲಂಕಾರವೂ ಆಯಿತು. ಬೊಂಬೆಯ ಮೈಯ ಅಚ್ಚುಗಳು ಒಬ್ಬರಿಂದ ಒಬ್ಬರಿಗೆ ಹೋಗುತ್ತಿದ್ದವು, ಮಾರಾಟವಾಗುತ್ತಿದ್ದವು, ಕದಿಯಲ್ಪಡುತ್ತಲೂ ಇದ್ದವು. ಹಾಗಾಗಿ ಮೈ ನೋಡಿ ಕುಂಬಾರನನ್ನು ಹಿಡಿಯಲಾಗದು. ಆದರೆ ಎಲೆ, ಹೂವುಗಳ ಪುಟ್ಟ ಅಚ್ಚುಗಳು ಹೆಚ್ಚಾಗಿ ಒಂದೇ ಕೆಲಸದಮನೆಯಲ್ಲಿ ಉಳಿಯುತ್ತಿದ್ದವು. ಬರ್ಸ್‌ಲೆಮ್ಮಿನ ಜಾನ್ ವಾಲ್ಟನ್ ತನ್ನ ಬೊಂಬೆಗಳ ಬೆನ್ನಿಗೆ ಹೆಸರು ಒತ್ತುತ್ತಿದ್ದ. ಹ್ಯಾನ್ಲಿಯ ರಾಲ್ಫ್ ಸಾಲ್ಟ್ ಕೂಡ ಒತ್ತುತ್ತಿದ್ದ. ಹೆಸರಿರುವ ಈ ಬೊಂಬೆಗಳ ಎಲೆ ಎಷ್ಟು ಸೀಳಿನದು, ಹೂವಿನ ದಳ ಹೇಗೆ ಮಡಿಸಿದೆ ಎಂದು ಗುರುತಿಟ್ಟುಕೊಂಡು, ಹೆಸರಿಲ್ಲದ ಬೊಂಬೆಗಳ ಎಲೆ ಹೂಗಳ ಜೊತೆ ಹೋಲಿಸುತ್ತಾರೆ. ಹೊಂದಿದರೆ ಒಂದು ಗುಂಪು. ಹೆಸರು ಸಿಗದೆ ಹೋದರೂ ‘ಇವಿಷ್ಟು ಒಂದೇ ಕೈಯವು’ ಎಂದು ಧೈರ್ಯವಾಗಿ ಹೇಳಬಹುದು. ಶೆರಟ್ ಎಂಬ ಹೆಸರನ್ನು ಅಂದಾಜಿನ ಮೇಲೆ ಅಂಟಿಸುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ ಕೆಲಸ ಎಂಬುದು ನನ್ನ ಅಭಿಪ್ರಾಯ.

ಹಳೆಯ ಚಿತ್ತಾರದ ಪಾತ್ರೆಗಳನ್ನು ಕೂಡಿಡುವವರು ‘ಇದನ್ನು ಮಾಡಿದವರು ಯಾರು’ ಎಂದು ಕೇಳುವಾಗ ಆ ಒಂದು ಪ್ರಶ್ನೆಯೊಳಗೆ ನಾಲ್ಕೈದು ಪ್ರಶ್ನೆಗಳಿರುತ್ತವೆ. ಕಾರ್ಖಾನೆ ಯಾರದು? ಚಿತ್ರ ಯಾರ ಕಲ್ಪನೆ? ತಾಮ್ರದ ಹಲಗೆಯ ಮೇಲೆ ಅದನ್ನು ಕೊರೆದವರು ಯಾರು? ತಿಗುರಿಯ ಮೇಲೆ ಪಾತ್ರೆ ಎತ್ತಿದವರು, ಬಣ್ಣ ತುಂಬಿದವರು ಯಾರು? ತಳದ ಮುದ್ರೆ ಸಾಮಾನ್ಯವಾಗಿ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಉಳಿದ ಉತ್ತರಗಳನ್ನು ಬೇರೆಡೆ ಹುಡುಕಬೇಕು. ಈ ಹವ್ಯಾಸದ ನಿಜವಾದ ಸೊಗಸು ಇರುವುದು ಆ ಹುಡುಕಾಟದಲ್ಲಿ.

ಮೊದಲನೆಯ ಪ್ರಶ್ನೆಯೂ ಕಾಣುವಷ್ಟು ಸುಲಭವಲ್ಲ. ಮುದ್ರೆಗಳಲ್ಲಿ ನಾಲ್ಕು ಬಗೆ: ಹಸಿಮಣ್ಣಿಗೆ ಒತ್ತಿದ್ದು, ಹಸಿಮಣ್ಣಿನ ಮೇಲೆ ಮೊನೆಯಿಂದ ಗೀರಿದ್ದು, ಅಚ್ಚು ಹಾಕಿದ್ದು, ಕುಂಚದಿಂದ ಬರೆದದ್ದು. ಮೊದಲೆರಡನ್ನು ಪಾತ್ರೆ ಸುಡುವ ಮೊದಲೇ ಮಾಡಿರಬೇಕು. ಮೆರುಗಿನ ಮೇಲೆ ಬರೆದದ್ದನ್ನು ಮಾತ್ರ ಆಮೇಲೆ ಯಾರು ಬೇಕಾದರೂ ಸೇರಿಸಬಹುದು, ಹಾಗಾಗಿ ಖೋಟಾ ಮಾಲಿನಲ್ಲಿ ಅದನ್ನೇ ಮೊದಲು ಅನುಮಾನಿಸಬೇಕು. ಇಸವಿಯೂ ದಾರಿ ತಪ್ಪಿಸುತ್ತದೆ. ಮಂಗಳೂರು ಹಂಚಿನ ಮೇಲಿರುವ 1865 ಎಂಬ ಅಂಕಿಯನ್ನೇ ನೋಡಿ. ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ ಅದು. ನಿಮ್ಮ ಅಜ್ಜನ ಮನೆಯ ಮಾಡಿನ ಹಂಚು ಅದಾಗಿ ಎಷ್ಟೋ ದಶಕಗಳ ಮೇಲೆ ಸುಟ್ಟದ್ದಿರಬಹುದು. ಇಂಗ್ಲಿಷ್ ತಟ್ಟೆಗಳಲ್ಲೂ ಹೀಗೆಯೇ. ಮೇಸನ್ ಕಂಪನಿಯ ‘ಐರನ್‌ಸ್ಟೋನ್’ ಪಾತ್ರೆಗಳ ಜೊತೆ ಕಾಣುವ 1813, ಚಾರ್ಲ್ಸ್ ಜೇಮ್ಸ್ ಮೇಸನ್ ಪೇಟೆಂಟ್ ಪಡೆದ ವರ್ಷ ಮಾತ್ರ. ‘ಇಂಗ್ಲೆಂಡ್’ ಎಂಬ ಪದ ತಳದಲ್ಲಿದ್ದರೆ ಸಾಧಾರಣವಾಗಿ ಅದು 1891ರ ಈಚಿನದು, ಏಕೆಂದರೆ ಅಮೆರಿಕ ತನ್ನ ಹೊಸ ಸುಂಕದ ಕಾನೂನಿನಲ್ಲಿ ಆಮದು ಮಾಲಿನ ಮೇಲೆ ದೇಶದ ಹೆಸರನ್ನು ಕಡ್ಡಾಯಮಾಡಿತು. ಇನ್ನು ಕೆಲವು ಸಲ ತಳದಲ್ಲಿರುವುದು ಅಂಗಡಿಯ ಹೆಸರು. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಮಾರ್ಟ್‌ಲಾಕ್ ಪಾತ್ರೆ ಮಾರುತ್ತಿದ್ದವರು, ಮಾಡುತ್ತಿದ್ದವರಲ್ಲ. ಕುಂಬಾರನ ಹೆಸರು ತಿಳಿದರೆ ಗಿರಾಕಿ ನೇರವಾಗಿ ಅವನಲ್ಲಿಗೇ ಹೋದಾನೆಂದು ಇಂಥ ವ್ಯಾಪಾರಿಗಳು ಅವನ ಮುದ್ರೆ ಬೇಡವೆನ್ನುತ್ತಿದ್ದರು.

ಇಷ್ಟರ ನಡುವೆ ಸಂಗ್ರಹಕಾರರ ಕಣ್ಣರಳಿಸುವ ಒಂದು ಗುರುತಿದೆ: ವಜ್ರಾಕೃತಿಯ ಚೌಕ. 1842ರಲ್ಲಿ ಬ್ರಿಟನ್ನು ವಿನ್ಯಾಸಗಳ ನೋಂದಣಿಯ ಹೊಸ ಕಾನೂನು ತಂದು, ನೋಂದಾಯಿಸಿದ ಪಾತ್ರೆಯ ಚಿತ್ತಾರವನ್ನು ಮೂರು ವರ್ಷ ಬೇರೆಯವರು ನಕಲು ಮಾಡದಂತೆ ಕಾಪಾಡಿತು. ನೋಂದಣಿಯ ಗುರುತಾಗಿ ಬಂದ ಈ ಚೌಕ 1883ರವರೆಗೆ ನಡೆಯಿತು. ಚೌಕದ ನೆತ್ತಿಯ ವೃತ್ತದಲ್ಲಿ ರೋಮನ್ ನಾಲ್ಕು ಇದ್ದರೆ ಅದು ಮಣ್ಣಿನ ಸಾಮಾನಿನ ವರ್ಗ. ಅದರ ಕೆಳಗೆ ನಾಲ್ಕು ಮೂಲೆಗಳಲ್ಲಿ ವರ್ಷ, ತಿಂಗಳು, ದಿನ ಮತ್ತು ಆ ದಿನ ನೋಂದಣಿಗೆ ಬಂದ ಕಟ್ಟಿನ ಸಂಖ್ಯೆ. ವರ್ಷ ಹಾಗೂ ತಿಂಗಳಿಗೆ ಅಂಕಿಯ ಬದಲು ಇಂಗ್ಲಿಷ್ ಅಕ್ಷರಗಳಿವೆ, ಅವೂ ಅಕ್ಷರಮಾಲೆಯ ಕ್ರಮದಲ್ಲಿಲ್ಲ. 1842ಕ್ಕೆ ಎಕ್ಸ್, 1843ಕ್ಕೆ ಎಚ್, 1844ಕ್ಕೆ ಸಿ. 1867ರವರೆಗೆ ವರ್ಷದ ಅಕ್ಷರ ಮೇಲಿನ ಮೂಲೆಯಲ್ಲಿ. ಮರುವರ್ಷದಿಂದ ಅದು ಬಲಮೂಲೆಗೆ ಬಂತು.

ಇದನ್ನು ಬಿಡಿಸಿ ಓದಿದ ಮೇಲೆ ಮುಂದಿನ ದಾರಿ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ. ನೋಂದಣಿಗೆ ಕೊಟ್ಟ ಮೂಲ ಚಿತ್ರಗಳ ದಪ್ಪ ಸಂಪುಟಗಳು ಅಲ್ಲಿ ಇಂದಿಗೂ ಇವೆ. ನಿಮ್ಮ ಕೈಯಲ್ಲಿರುವ ತಟ್ಟೆಯ ದಿನಾಂಕ ಮತ್ತು ಕಟ್ಟಿನ ಸಂಖ್ಯೆ ಹಿಡಿದು ಹೋದರೆ, ನೂರೈವತ್ತು ವರ್ಷಕ್ಕೂ ಹಿಂದೆ ಅದೇ ಚಿತ್ತಾರವನ್ನು ಅಂಟಿಸಿಟ್ಟ ಹಾಳೆ ಎದುರಿಗೆ ತೆರೆದುಕೊಳ್ಳುತ್ತದೆ. ಆದರೂ ಎರಡು ಎಚ್ಚರಿಕೆ ಬೇಕು. ಆ ದಿನ ನೋಂದಣಿಯದು. ತಟ್ಟೆ ಅದರ ನಂತರ ಯಾವಾಗ ಬೇಕಾದರೂ ತಯಾರಾಗಿರಬಹುದು. ಮತ್ತು ರಿಜಿಸ್ಟರಿನಲ್ಲಿರುವುದು ವಿನ್ಯಾಸದ ಹಕ್ಕುದಾರನ ಹೆಸರು, ಎಂದರೆ ಬಹುಮಟ್ಟಿಗೆ ಕಾರ್ಖಾನೆಯದು. ಕೂತು ಚಿತ್ರ ಬರೆದವನ ಹೆಸರನ್ನು ಸರ್ಕಾರವೂ ಕೇಳಲಿಲ್ಲ.

1842ಕ್ಕೆ ಮೊದಲು ನಕಲಿಗೆ ಅಡ್ಡಿ ಕಡಿಮೆಯಿದ್ದುದರಿಂದ ಚಿತ್ರದ ಮೂಲ ಹುಡುಕುವ ಕೆಲಸ ಇನ್ನೂ ರುಚಿಕರ. ಸ್ಟೋಕ್ ಊರಿನ ಜೊಸಾಯ ಸ್ಪೋಡ್ 1784ರ ಸುಮಾರಿಗೆ ಮೆರುಗಿನ ಅಡಿಯಲ್ಲಿ ನೀಲಿ ಅಚ್ಚು ಹಾಕುವ ವಿಧಾನವನ್ನು ಹದಕ್ಕೆ ತಂದ. ಅವನ ಮಗ ಎರಡನೆಯ ಜೊಸಾಯನ ಕಾಲದಲ್ಲಿ, 1815ರ ಆಸುಪಾಸಿನಲ್ಲಿ, ಭಾರತದ ಬೇಟೆಯ ದೃಶ್ಯಗಳ ಒಂದು ಊಟದ ಸೆಟ್ಟು ಬಂತು. ಸಂಗ್ರಹಕಾರರು ಅದನ್ನು ‘ಇಂಡಿಯನ್ ಸ್ಪೋರ್ಟಿಂಗ್’ ಎನ್ನುತ್ತಾರೆ. ಒಂದೊಂದು ಅಳತೆಯ ತಟ್ಟೆಗೆ ಒಂದೊಂದು ದೃಶ್ಯ: ಮರದ ಮೇಲಿನ ಚಿರತೆಗೆ ಗುಂಡು, ಕರಡಿಯ ಸಾವು, ಬೇಟೆನಾಯಿಗಳನ್ನು ಹಿಡಿದು ಹೊರಟ ಆಳುಗಳು. ಸುತ್ತಲಿನ ಅಂಚಿನ ಪಟ್ಟಿ ಮಾತ್ರ ಎಲ್ಲದರಲ್ಲೂ ಒಂದೇ. ಬೆನ್ನಿನಲ್ಲಿ ಸ್ಪೋಡ್ ಎಂಬ ಮುದ್ರೆ, ಹಲವದರಲ್ಲಿ ದೃಶ್ಯದ ಶೀರ್ಷಿಕೆಯೂ ಇರುತ್ತದೆ.

ಚಿತ್ರಗಳು ಸ್ಪೋಡ್‌ನವಲ್ಲ. ಬಂಗಾಳದ ಸೇನೆಯಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್ 1807ರಲ್ಲಿ ಭಾರತದ ಬೇಟೆಗಳನ್ನು ಕುರಿತು ‘ಓರಿಯಂಟಲ್ ಫೀಲ್ಡ್ ಸ್ಪೋರ್ಟ್ಸ್’ ಎಂಬ ದೊಡ್ಡ ಪುಸ್ತಕ ತಂದ. ಅವನ ರೇಖಾಚಿತ್ರಗಳನ್ನು ಆಧರಿಸಿ ಸ್ಯಾಮ್ಯುಯೆಲ್ ಹೊವಿಟ್ ಎಂಬ ಕಲಾವಿದ ಚಿತ್ರ ಬರೆದ. ಮುದ್ರಣಕ್ಕಾಗಿ ಬೇರೆ ಕೆತ್ತನೆಗಾರರು ಅವನ್ನು ಹಲಗೆಗೆ ಇಳಿಸಿದರು. ಆ ಪುಸ್ತಕ ಎದುರಿಗಿಟ್ಟುಕೊಂಡು ಸ್ಪೋಡ್‌ನ ಕೆತ್ತನೆಗಾರ, ಒಂದು ಚಿತ್ರದಿಂದ ಆನೆ, ಇನ್ನೊಂದರಿಂದ ಮರ ಎಂಬಂತೆ ಬೇಕುಬೇಕಾದ್ದನ್ನು ಆಯ್ದು ತಟ್ಟೆಯ ದುಂಡಿಗೆ ಒಪ್ಪುವ ಹಾಗೆ ಜೋಡಿಸಿದ. ಪುಸ್ತಕದ ಪುಟವನ್ನೂ ತಟ್ಟೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ಕೊನೆಯ ಕೈಯ ಜಾಣ್ಮೆ ಕಾಣುತ್ತದೆ. ಆಯತದ ಚಿತ್ರವನ್ನು ದುಂಡಗಿನ ತಟ್ಟೆಗೆ ಕೂರಿಸುವುದು ಬರೀ ನಕಲಲ್ಲ, ಅದೇ ಒಂದು ರಚನೆ. ಬೆನ್ನಿನ ಮೇಲೆ ಆ ಕೈಯ ಹೆಸರಿಗೆ ಮಾತ್ರ ಜಾಗವಿಲ್ಲ.

ಆಮೇಲಿನ ಕೈಗಳು ಇನ್ನೂ ಹಲವು. ಕೊರೆದ ತಾಮ್ರದ ಹಲಗೆಯನ್ನು ಬಿಸಿಮಾಡಿ, ಕೋಬಾಲ್ಟ್ ಬೆರೆಸಿದ ಎಣ್ಣೆಯ ಮಸಿ ತುಂಬಿ, ತೆಳುಕಾಗದದ ಮೇಲೆ ಅಚ್ಚು ತೆಗೆಯುವವನು ಒಬ್ಬ. ಕತ್ತರಿಯಲ್ಲಿ ಆ ಕಾಗದವನ್ನು ಬಿಡಿಸಿ ಕತ್ತರಿಸುತ್ತಿದ್ದುದು ಹೆಚ್ಚಾಗಿ ಒಬ್ಬ ಹುಡುಗಿ. ಅದನ್ನು ಮೆರುಗಿಲ್ಲದ ತಟ್ಟೆಯ ಮೇಲೆ ಇಟ್ಟು, ಗಟ್ಟಿ ಕುಂಚದಿಂದ ತಿಕ್ಕಿ ತಿಕ್ಕಿ ಮಸಿಯನ್ನು ಮಣ್ಣಿಗೆ ಹಿಡಿಸುವವಳು ಹೆಂಗಸು. ನೀರಿನಲ್ಲಿ ಅದ್ದಿದರೆ ಕಾಗದ ಬಿಟ್ಟುಕೊಂಡು ನೀಲಿ ಉಳಿಯುತ್ತದೆ. ಮಸಿಯ ಎಣ್ಣೆ ಆರುವಂತೆ ಒಮ್ಮೆ ಕಾಯಿಸಿ, ಮೆರುಗಿನಲ್ಲಿ ಅದ್ದಿ ಮತ್ತೆ ಸುಡುತ್ತಿದ್ದರು. ಅಂಚಿನ ಪಟ್ಟಿಯ ಕಾಗದ ಸುತ್ತು ಬಂದು ಸೇರುವಲ್ಲಿ ಹೂವೊಂದು ಅರ್ಧಕ್ಕೇ ತುಂಡಾಗಿರುವುದನ್ನು ಹಳೆಯ ತಟ್ಟೆಗಳಲ್ಲಿ ನೋಡಬಹುದು. ಸಂಗ್ರಹಕಾರರಲ್ಲಿ ಕೆಲವರು ಅದನ್ನು ಐಬು ಎನ್ನುತ್ತಾರೆ. ನಾನು ತಟ್ಟೆಯಲ್ಲಿ ಮೊದಲು ಹುಡುಕುವುದೇ ಅದನ್ನು, ಏಕೆಂದರೆ ಆ ಹೆಂಗಸಿನ ಕೈ ಎಲ್ಲಿ ಶುರುಮಾಡಿ ಎಲ್ಲಿ ಮುಗಿಸಿತು ಎಂಬುದು ಅಲ್ಲಿ ತೋರುತ್ತದೆ.

ತಳದಲ್ಲಿ ಕಂಪನಿಯ ಮುದ್ರೆಯ ಪಕ್ಕಕ್ಕೆ ಚುಕ್ಕೆ, ಅಡ್ಡಗೀಟು, ನಕ್ಷತ್ರ, ಒಂಟಿ ಅಂಕಿಯಂಥ ಸಣ್ಣ ಗುರುತುಗಳು ಕಾಣುತ್ತವೆ. ಅವನ್ನು ರಹಸ್ಯ ಸಂಕೇತಗಳೆಂದು ಭಾವಿಸುವವರಿದ್ದಾರೆ. ಬಹುಪಾಲು ಅವು ಕೂಲಿಯ ಲೆಕ್ಕ. ಎಷ್ಟು ತಟ್ಟೆ ಮಾಡಿದರೆ ಅಷ್ಟು ಕಾಸು ಎಂಬ ಏರ್ಪಾಡಿನಲ್ಲಿ ಯಾರ ತಂಡದ್ದು ಯಾವುದು ಎಂದು ಗೊತ್ತಾಗಬೇಕಿತ್ತು. ಸ್ಟಾಫರ್ಡ್‌ಶೈರ್ ಸೀಮೆಯ ಕುಂಬಾರರಲ್ಲಿ ಎಷ್ಟೋ ಮಂದಿಗೆ ಆವಿಗೆಯಿಂದ ಸರಿಯಾಗಿ ಹೊರಬಂದ ಪಾತ್ರೆಗಷ್ಟೇ ಕೂಲಿ ಸಿಗುತ್ತಿತ್ತು. ಸುಡುವವನ ತಪ್ಪಿನಿಂದ ಸೀಳಿದರೂ ನಷ್ಟ ಮಾಡಿದವನದೇ. ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಅಲ್ಲಿನ ಕೆಲಸಗಾರರು ಇದರ ವಿರುದ್ಧ ಹೋರಾಡಿದರು. ತಳದ ಆ ನೀಲಿ ಚುಕ್ಕೆಯನ್ನು ನೋಡುವಾಗ ಇದೂ ನೆನಪಿರಬೇಕು.

ಹೆಸರನ್ನು ಹಂಚಿಕೊಂಡ ಕಾರ್ಖಾನೆ ಒಂದೂ ಇರಲಿಲ್ಲವೇ? ಇತ್ತು. ಲಂಡನ್ನಿನ ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿದ್ದ ಡೌಲ್ಟನ್ ಕಾರ್ಖಾನೆ. ಅದರ ಸಂಪತ್ತು ಬಂದದ್ದು ಚರಂಡಿಯ ಕೊಳವೆಗಳಿಂದ. ನಗರಗಳಲ್ಲಿ ರೋಗ ಹರಡುವುದಕ್ಕೆ ಕೊಳಚೆ ಕಾರಣವೆಂದು 1840ರ ದಶಕದಲ್ಲಿ ಇಂಗ್ಲೆಂಡ್ ಎಚ್ಚೆತ್ತಾಗ ಹೆನ್ರಿ ಡೌಲ್ಟನ್ ಮಣ್ಣಿನ ಕೊಳವೆಗಳನ್ನು ರಾಶಿರಾಶಿಯಾಗಿ ಸುಟ್ಟುಕೊಟ್ಟ. ನೆರೆಯಲ್ಲೇ ಇದ್ದ ಲ್ಯಾಂಬೆತ್ ಕಲಾಶಾಲೆಯ ಮುಖ್ಯಸ್ಥ ಜಾನ್ ಸ್ಪಾರ್ಕ್ಸ್ ಬೆನ್ನುಬಿಡದೆ ಕೇಳಿದ್ದರಿಂದ ಅವನು ಆ ಶಾಲೆಯ ವಿದ್ಯಾರ್ಥಿಗಳಿಗೆ ಕಾರ್ಖಾನೆಯಲ್ಲಿ ಜಾಗ ಕೊಟ್ಟ. ಮೊದಲು ಬಂದವರಲ್ಲಿ ಒಬ್ಬ, ಬಂಡಿಗಾಲಿ ಮಾಡುವವನ ಮಗ ಜಾರ್ಜ್ ಟಿನ್‌ವರ್ತ್. 1871ರಲ್ಲಿ ಹ್ಯಾನಾ ಬಾರ್ಲೊ ಬಂದಳು; ಅವಳ ಹಿಂದೆಯೇ ಅಣ್ಣತಮ್ಮಂದಿರಲ್ಲಿ ಆರ್ಥರ್, ಆಮೇಲೆ ಸಹೋದರಿ ಫ್ಲಾರೆನ್ಸ್.

ಡೌಲ್ಟನ್ನಿನ ಈ ಪಾತ್ರೆಗಳು ಉಪ್ಪಿನ ಮೆರುಗಿನವು. ಆವಿಗೆ 1200 ಡಿಗ್ರಿ ಸೆಲ್ಸಿಯಸ್ ದಾಟಿ ಕೆಂಡವಾದಾಗ ಒಳಗೆ ಉಪ್ಪು ಎರಚಿದರೆ, ಆವಿಯಾದ ಸೋಡಿಯಂ ಮಣ್ಣಿನಲ್ಲಿರುವ ಸಿಲಿಕಾ ಜೊತೆ ಕೂಡಿ ಗಾಜಿನಂಥ ಪದರ ಕಟ್ಟುತ್ತದೆ. ಮುಟ್ಟಿದರೆ ಕಿತ್ತಳೆ ಸಿಪ್ಪೆಯ ತರಿ. ಸುಡುವುದು ಒಂದೇ ಸಲವಾದ್ದರಿಂದ ಚಿತ್ರವನ್ನು ಹಸಿಮಣ್ಣಿನ ಮೇಲೆಯೇ ಬರೆಯಬೇಕು. ಹ್ಯಾನಾ ಮೊನೆಯಿಂದ ಕುದುರೆ, ಜಿಂಕೆ, ಕತ್ತೆ, ಕುರಿಗಳನ್ನು ಗೀರುತ್ತಿದ್ದಳು. ಆ ಗೀರಿನೊಳಗೆ ಬಣ್ಣ ತುಂಬುತ್ತಿದ್ದರು. ಗೀರು ತಪ್ಪಿದರೆ ತಿದ್ದುವುದು ಕಷ್ಟ. ಅವಳ ಕುದುರೆಯ ಬೆನ್ನಿನ ಗೆರೆಯಲ್ಲಿ ಅಳುಕೆಂಬುದೇ ಇಲ್ಲ. ಅಕ್ಕತಂಗಿಯರು ವಸ್ತುಗಳನ್ನೂ ಪಾಲು ಮಾಡಿಕೊಂಡಿದ್ದರು: ಪ್ರಾಣಿಗಳು ಹ್ಯಾನಾಳಿಗೆ, ಹಕ್ಕಿ ಹೂಗಳು ಫ್ಲಾರೆನ್ಸ್‌ಗೆ. ಫ್ಲಾರೆನ್ಸ್ ತಿಳಿಮಣ್ಣನ್ನು ಕುಂಚದಿಂದ ಪದರ ಪದರವಾಗಿ ಏರಿಸಿ ಹಕ್ಕಿಯ ಪುಕ್ಕಗಳನ್ನು ಉಬ್ಬಿಸುತ್ತಿದ್ದಳು.

ಇಂಥ ಹೂಜಿಯೊಂದನ್ನು ಮಗುಚಿ ನೋಡುವುದು ಸಂಗ್ರಹಕಾರರಿಗೆ ದೊಡ್ಡ ಸಂತೋಷ. ಒತ್ತಿದ ಮುದ್ರೆಯಲ್ಲಿ ಡೌಲ್ಟನ್, ಲ್ಯಾಂಬೆತ್ ಎಂಬ ಹೆಸರುಗಳು. 1870ರ, 80ರ ದಶಕದ ಮಾಲಾದರೆ ಹಲವು ಸಲ ಇಸವಿ. ಪಕ್ಕದಲ್ಲಿ ಬಿ, ಎಚ್, ಬಿ ಎಂಬ ಮೂರಕ್ಷರಗಳನ್ನು ಹೆಣೆದು ಗೀರಿದ ಸಹಿ. ಅದು ಹ್ಯಾನಾ ಬೋಲ್ಟನ್ ಬಾರ್ಲೊ. ಅಲ್ಲಿಗೇ ಮುಗಿಯುವುದಿಲ್ಲ. ಇನ್ನೊಂದು ಬದಿಗೆ ಸಣ್ಣದಾಗಿ ಒಂದೆರಡು ಅಕ್ಷರ, ಕೆಲವು ಸಲ ಎರಡು ಮೂರು ಜೊತೆ. ಅವು ಅಂಚಿನ ಮಣಿಸಾಲು ಕೂರಿಸಿದ, ಎಲೆಗಳನ್ನು ಒತ್ತಿದ, ಬಣ್ಣ ತುಂಬಿದ ಸಹಾಯಕಿಯರ ಗುರುತು. ಕಿವುಡನಾಗಿದ್ದ ಫ್ರಾಂಕ್ ಬಟ್ಲರ್, ಎಲೈಜಾ ಸಿಮಾನ್ಸ್, ಮಾರ್ಕ್ ಮಾರ್ಷಲ್ ಮೊದಲಾದ ಹಿರಿಯ ಕಲಾವಿದರ ಸಹಿಗಳ ಜೊತೆಗೇ ಇವೂ ಪಟ್ಟಿಯಾಗಿವೆ. 1882ರಲ್ಲಿ ಆ ಕಲಾವಿದೆಯರೂ ಸಹಾಯಕಿಯರೂ ಸೇರಿ ತಮ್ಮ ಸಹಿಗಳನ್ನು ಬರೆದ ಸಂಪುಟಗಳನ್ನು ಹೆನ್ರಿ ಡೌಲ್ಟನ್‌ಗೆ ಕೃತಜ್ಞತೆಯಿಂದ ಒಪ್ಪಿಸಿದರು. ಅದರಿಂದಾಗಿ ನೂರಾರು ಹೆಣ್ಣುಮಕ್ಕಳ ಹೆಸರು ಉಳಿಯಿತು. ಡೆಸ್ಮಂಡ್ ಐಲ್ಸ್ 1975ರಲ್ಲಿ ಲ್ಯಾಂಬೆತ್ ಪಾತ್ರೆಗಳ ಕುರಿತು ಬರೆದ ಪುಸ್ತಕದಂಥ ಗ್ರಂಥಗಳು ಪಕ್ಕದಲ್ಲಿದ್ದರೆ ಎರಡಕ್ಷರದ ಗೀರಿನಿಂದ ಒಬ್ಬ ಸಹಾಯಕಿಯವರೆಗೆ ತಲುಪಬಹುದು.

ಇಷ್ಟು ಉದಾರವಾದ ಆ ತಳದಲ್ಲೂ ಒಬ್ಬ ಸಾಮಾನ್ಯವಾಗಿ ಸಿಗುವುದಿಲ್ಲ. ತಿಗುರಿ ತಿರುಗಿಸಿ ಹೂಜಿಯ ಮೈ ಎತ್ತಿದ ಕುಂಬಾರ. ಹ್ಯಾನಾಳ ಕುದುರೆ ನಿಂತಿರುವುದು ಅವನು ಎತ್ತಿದ ಗೋಡೆಯ ಮೇಲೆ. ಚಿತ್ರ ಬರೆಯುವುದು ಕಲೆ, ಪಾತ್ರೆ ಮಾಡುವುದು ಕೂಲಿ ಎಂದು ಆ ಕಾಲ ಎಳೆದ ಗೆರೆ ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. ಲ್ಯಾಂಬೆತ್‌ನ ಆ ಕಾರ್ಖಾನೆ 1956ರಲ್ಲಿ ಮುಚ್ಚಿತು.

ಇದರ ತಿರುವುಮುರುವು ನಡೆದದ್ದು ಇಪ್ಪತ್ತನೆಯ ಶತಮಾನದಲ್ಲಿ, ಮತ್ತೆ ಸ್ಟಾಫರ್ಡ್‌ಶೈರಿನಲ್ಲಿ. 1899ರಲ್ಲಿ ಟನ್‌ಸ್ಟಾಲ್‌ನಲ್ಲಿ ಹುಟ್ಟಿ, ಹದಿಮೂರಕ್ಕೇ ಪಾತ್ರೆಗೆ ಬಣ್ಣ ಹಚ್ಚುವ ಕೆಲಸಕ್ಕೆ ಸೇರಿದ ಕ್ಲಾರಿಸ್ ಕ್ಲಿಫ್, 1927ರ ಹೊತ್ತಿಗೆ ಬರ್ಸ್‌ಲೆಮ್ಮಿನ ನ್ಯೂಪೋರ್ಟ್ ಪಾಟರಿಯಲ್ಲಿ ತನ್ನದೇ ಚಿತ್ರಶಾಲೆ ಪಡೆದಳು. ಅಲ್ಲಿ ಮಾರಾಟವಾಗದೆ ಬಿದ್ದಿದ್ದ ಐಬಿನ ಬಿಳಿ ಪಾತ್ರೆಗಳ ದೋಷ ಮುಚ್ಚಲು ಕಿತ್ತಳೆ, ಹಳದಿ, ನೀಲಿಯ ದಿಟ್ಟ ತ್ರಿಕೋನಗಳನ್ನು ಬಳಿಸಿದಳು. ‘ಬಿಜಾರ್’ ಎಂಬ ಹೆಸರಿನಲ್ಲಿ ಅವು ಬಿಸಿಬಿಸಿಯಾಗಿ ಖರ್ಚಾದವು. ತಳದ ಮುದ್ರೆಯಲ್ಲಿ ವಿನ್ಯಾಸಗಾರ್ತಿಯ ಪೂರ್ಣ ಹೆಸರು, ಜೊತೆಗೆ ಕೈಯಲ್ಲಿ ಬಣ್ಣ ಹಚ್ಚಿದ್ದು ಎಂಬ ಮಾತು. ಹೆಂಗಸಿನ ಹೆಸರಿಗೆ ಅಷ್ಟು ಎದ್ದುಕಾಣುವ ಜಾಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಹಚ್ಚಿದ ಕೈಗಳು ಅವಳವಲ್ಲ. ಗೆರೆ ಎಳೆಯುವವಳು ಒಬ್ಬಳು, ಬಣ್ಣ ತುಂಬುವವಳು ಇನ್ನೊಬ್ಬಳು, ತಟ್ಟೆಯನ್ನು ತಿರುಗಿಸುತ್ತ ಅಂಚಿಗೆ ಪಟ್ಟಿ ಹಾಕುವವಳು ಮತ್ತೊಬ್ಬಳು.

1982ರಲ್ಲಿ ಕ್ಲಾರಿಸ್ ಕ್ಲಿಫ್‌ಳ ಪಾತ್ರೆಗಳ ಸಂಗ್ರಹಕಾರರು ಒಂದು ಸಂಘ ಕಟ್ಟಿಕೊಂಡರು. ಆಗ ಬಣ್ಣ ಹಚ್ಚಿದ ಆ ‘ಬಿಜಾರ್ ಹುಡುಗಿಯರಲ್ಲಿ’ ಹಲವರು ವಯಸ್ಸಾಗಿ ಇನ್ನೂ ಬದುಕಿದ್ದರು. ಸಂಘದವರು ಅವರನ್ನು ಹುಡುಕಿ ಮಾತಾಡಿಸಿ, ಯಾರು ಯಾವ ಚಿತ್ತಾರ ಹಚ್ಚುತ್ತಿದ್ದರು ಎಂದು ಕೇಳಿ ಬರೆದುಕೊಂಡರು. 1928ರಿಂದ ದಶಕಗಳ ಕಾಲ ನಡೆದ ‘ಕ್ರೋಕಸ್’ ಎಂಬ ಜನಪ್ರಿಯ ಚಿತ್ತಾರವನ್ನು ಮೊದಲು ಹಚ್ಚಿದವಳು ಎಥೆಲ್ ಬ್ಯಾರೊ ಎಂಬುದು ಈಗ ಪುಸ್ತಕಗಳಲ್ಲಿದೆ. ಕೇಸರಿ ಹೂವಿನ ಜಾತಿಯ ಆ ಹೂಗಳಿಗೆ ಗೆರೆಯ ಚೌಕಟ್ಟಿಲ್ಲ. ಒಂದು ದಳಕ್ಕೆ ಕುಂಚದ ಒಂದೇ ಎಳೆತ. ಹೂ ಮುಗಿದ ಮೇಲೆ ಪಾತ್ರೆಯನ್ನು ತಲೆಕೆಳಗು ಮಾಡಿ, ನಡುನಡುವೆ ಹಸಿರು ಎಸಳುಗಳನ್ನು ಎಳೆಯುತ್ತಿದ್ದರು. ಕೊನೆಗೆ ಮೇಲೊಂದು ಹಳದಿ ಪಟ್ಟಿ, ಕೆಳಗೊಂದು ಕಂದು ಪಟ್ಟಿ. ಬೇಡಿಕೆ ಏರಿದಾಗ ಎಥೆಲ್ ಬೇರೆ ಹುಡುಗಿಯರಿಗೂ ಅದನ್ನು ಕಲಿಸಿಕೊಟ್ಟಳು.